ಅರ್ಧಬೆಲೆಯ ಗೆರೆ

ರಬ್ಬರು ಕೂಡ ಅರ್ಧವೇ ಇತ್ತು. ಯಾರೋ ವಿದ್ಯಾರ್ಥಿ ಪರೀಕ್ಷೆಯ ಕೊಠಡಿಯಲ್ಲಿ ಬಿಟ್ಟು ಹೋಗಿದ್ದನ್ನು ಅವನು ಎತ್ತಿ ಜೇಬಿಗೆ ಹಾಕಿಕೊಂಡಿದ್ದ. ಬಿದ್ದದ್ದನ್ನು ಎತ್ತಿಕೊಳ್ಳುವುದು ಕಳ್ಳತನವಲ್ಲ, ಸಂಪನ್ಮೂಲದ ಸದ್ಬಳಕೆ. ಅರ್ಥಶಾಸ್ತ್ರದ ಮೇಷ್ಟ್ರಿಗೆ ಇದನ್ನು ಬೇರೆ ಯಾರಾದರೂ ಹೇಳಿಕೊಡಬೇಕೆ? ಅಧ್ಯಾಪಕರ ಕೋಣೆಯಲ್ಲಿ ಕಿಟಕಿ ಪಕ್ಕದ ಮೇಜಿನ ಮುಂದೆ, ಬಾಗಿಲಿಗೆ ಬೆನ್ನು ಮಾಡಿ ಕುಳಿತು, ಆ ಅರ್ಧ ರಬ್ಬರಿನಿಂದ ಅವನು ತನ್ನ ಹಳೆಯ ಪಠ್ಯಪುಸ್ತಕದ ಮೊದಲ ಅಧ್ಯಾಯದ ಕೆಂಪು ಗೆರೆಗಳನ್ನು ಉಜ್ಜುತ್ತಿದ್ದ. ಗೆರೆ ಹೋಗುತ್ತಿರಲಿಲ್ಲ. ಕೆಂಪು ಮಸುಕಾಗಿ ಗುಲಾಬಿಯಾಯಿತು, ಗುಲಾಬಿ ಹರಡಿ ಪುಟಕ್ಕೆ ಜ್ವರ ಬಂದ ಹಾಗಾಯಿತು, ಅಷ್ಟೆ. ಹೊಸ ಪುಸ್ತಕ ಕೊಂಡಿದ್ದರೆ ಈ ಗೋಳೇ ಇರುತ್ತಿರಲಿಲ್ಲ ಎಂದು ಬೆಳಿಗ್ಗೆ ಹೆಂಡತಿ ಹೇಳಿದ್ದಳು. ಹೇಳುವುದಕ್ಕೇನು, ಬಾಯಿಗೆ ಖರ್ಚಿಲ್ಲ. ಅದೇ ಪುಸ್ತಕ, ಅದೇ ಪುಟಗಳು, ಅಚ್ಚಿನ ತಪ್ಪುಗಳೂ ಅವೇ. ಪ್ರಕಾಶಕ ಆಗಾಗ ರಕ್ಷಾಪುಟದ ಬಣ್ಣ ಬದಲಿಸಿ, ಬೆಲೆ ಏರಿಸಿ, ಅದಕ್ಕೆ ಪರಿಷ್ಕೃತ ಮುದ್ರಣ ಎಂದು ನಾಮಕರಣ ಮಾಡುತ್ತಾನೆ. ಮನೆಯಲ್ಲಿ ಒಂದು ಪ್ರತಿ ಗಟ್ಟಿಮುಟ್ಟಾಗಿ ಕೂತಿರುವಾಗ ಬಣ್ಣಕ್ಕೆ ದುಡ್ಡು ಕೊಡಲು ಅವನಿಗೇನು ಹುಚ್ಚುನಾಯಿ ಕಡಿದಿತ್ತೆ? ಆದರೆ ಮಗಳಿಗೆ ಬರುವ ಸೋಮವಾರ ಪರೀಕ್ಷೆ. ಅರ್ಥಶಾಸ್ತ್ರದಲ್ಲಿ ಈ ಸಲವೂ ಮುಗ್ಗರಿಸಿದರೆ ಅವಳ ಒಂದು ವರ್ಷವೇ ಹಾಳು. ಅವಳು ಹಾಕಿದ್ದು ಒಂದೇ ಷರತ್ತು: ಗೆರೆ ಅಳಿಸಿ ಕೊಟ್ಟರೆ ಓದುತ್ತೇನೆ, ಗೆರೆ ಇದ್ದರೆ ಮುಟ್ಟುವುದಿಲ್ಲ.

ಗೆರೆ ಇದ್ದದ್ದಕ್ಕೇ ಅಪ್ಪ ಆ ಪುಸ್ತಕ ಕೊಂಡದ್ದು. ಗೋದಾಮಿನಲ್ಲಿ ಚೀಲ ಎಣಿಸುವ ಕೆಲಸದಲ್ಲಿದ್ದ ಅಪ್ಪ, ಕಾಲೇಜು ಸೇರಿದ ಮಗನ ಕೈಹಿಡಿದುಕೊಂಡು ಹಳೇ ಪುಸ್ತಕದ ಅಂಗಡಿಗೆ ಹೋಗಿದ್ದ. ಅಂಗಡಿಯವನು ಎರಡು ಪ್ರತಿ ಮುಂದಿಟ್ಟ. ಒಂದು ಶುಭ್ರ, ಅರ್ಧ ಬೆಲೆ. ಇನ್ನೊಂದರ ತುಂಬ ಕೆಂಪು ಪೆನ್ಸಿಲಿನ ಗೆರೆ, ಅದಕ್ಕೆ ಅರ್ಧ ಬೆಲೆಗಿಂತ ಒಂದು ಕೈ ಜಾಸ್ತಿ. ದಾನ ಕೊಟ್ಟ ಎಮ್ಮೆಯ ಹಲ್ಲನ್ನೂ ಹಿಡಿದು ನೋಡುತ್ತಿದ್ದ ಅಪ್ಪ ಅಂದು ಪುಟ ಮಗುಚಿದ, ಮಗುಚಿದ, ಆಮೇಲೆ ಜೀವಮಾನದಲ್ಲಿ ಮೊದಲ ಸಲ ಜಾಸ್ತಿ ಬೆಲೆಯ ಸಾಮಾನಿಗೆ ಕೈಯಿಟ್ಟ. “ನೋಡೋ, ಇದನ್ನ ಯಾರೋ ಆಗಲೇ ಓದಿಬಿಟ್ಟಿದ್ದಾರೆ. ನಿಂಗೆ ಅರ್ಧ ಕೆಲಸ ಕಡಿಮೆ,” ಎಂದ. ಎಷ್ಟು ದೊಡ್ಡ ಮಾತು! ಬೇರೆಯವರ ಅಂಗಿ, ಬೇರೆಯವರ ಚಪ್ಪಲಿ ಹಾಕಿಕೊಂಡು ಬೆಳೆದವನಿಗೆ ಬೇರೆಯವರ ಬುದ್ಧಿಯೂ ಅಳತೆಗೆ ಸರಿಯಾಗಿಯೇ ಬಂತು. ಮೊದಲ ಪುಟದ ಹೆಸರನ್ನು ಅಂಗಡಿಯವನು ಬ್ಲೇಡಿನಿಂದ ಹೆರೆದು ತೆಗೆದಿದ್ದರಿಂದ ಆ ಮಹಾನುಭಾವ ಯಾರೋ ತಿಳಿಯಲಿಲ್ಲ. ಅವನು ತಾನೇ ಆತನಿಗೆ ಗೆರೆಯಣ್ಣ ಎಂದು ಹೆಸರಿಟ್ಟ. ಗೆರೆಯಣ್ಣನ ಗೆರೆಗಳಿಗೆ ಒಂದು ವಿಶೇಷವಿತ್ತು. ಪ್ರತಿ ಗೆರೆಯೂ ನೆಟ್ಟಗೆ ಹೊರಟು, ನಡುವೆ ಒಂದು ಕಡೆ ಪುಟ್ಟ ಗೂನು ಎದ್ದು, ಮತ್ತೆ ನೆಟ್ಟಗಾಗುತ್ತಿತ್ತು. ಹದಿನೇಳರ ವಯಸ್ಸಿನಲ್ಲಿ ಅವನು ಆ ಗೂನುಗಳ ಮೇಲೆ ರಾತ್ರಿಗಟ್ಟಲೆ ಯೋಚಿಸಿ ಕೊನೆಗೊಂದು ತೀರ್ಮಾನಕ್ಕೆ ಬಂದ: ಗೆರೆಯೆಳೆದ ಸಾಲೆಲ್ಲ ಮುಖ್ಯ, ಆದರೆ ಗೂನಿನ ನೆತ್ತಿಯ ಮೇಲೆ ಕೂತ ಪದ ಎಲ್ಲಕ್ಕಿಂತ ಮುಖ್ಯ. ಕೆಲವು ಕಡೆ ಆ ಪದ ‘ಬೇಡಿಕೆ’ ಎಂದಿರುತ್ತಿತ್ತು. ಬಹಳ ಕಡೆ ‘ಮತ್ತು’ ಎಂದಿರುತ್ತಿತ್ತು. ಅದರ ಹಿಂದೆಯೂ ಏನೋ ಆಳವಾದ ಕಾರಣ ಇರಬೇಕು ಎಂದು ಅವನು ಸುಮ್ಮನಾದ.

ಗೆರೆ ಇಲ್ಲದ ಒಂದು ಸಾಲನ್ನೂ ಓದದೆ ಅವನು ಪಾಸಾದ. ಅಂಚಿಗೆ ಬಂದು ಪಾಸಾದ, ಅದೂ ಪ್ರತಿ ವರ್ಷ. ಮೌಲ್ಯಮಾಪಕರಿಗೆ ಕಣ್ಣಿಲ್ಲ ಎಂದು ಅಪ್ಪ ಮಗ ಇಬ್ಬರೂ ಒಪ್ಪಿಕೊಂಡರು. ಆ ಹೊತ್ತಿಗೆ ಸರಿಯಾಗಿ ಈ ಕಾಲೇಜಿಗೆ ಕಡಿಮೆ ಸಂಬಳಕ್ಕೆ ಒಪ್ಪುವ ಅರ್ಥಶಾಸ್ತ್ರದ ಮೇಷ್ಟ್ರು ಬೇಕಾಗಿತ್ತು. ಉಳಿತಾಯದಲ್ಲಿ ಆಡಳಿತ ಮಂಡಳಿಗೂ ಅವನಷ್ಟೇ ನಂಬಿಕೆ. ಉಳಿದ ಅರ್ಜಿದಾರರು ಪೂರ್ತಿ ಸಂಬಳ ಕೇಳಿದರು, ಅವನು ಅರ್ಧಕ್ಕೆ ತಲೆಯಾಡಿಸಿದ. ಅಂದಿನಿಂದ ಗೆರೆಯಣ್ಣನ ಪುಸ್ತಕ ಹಿಡಿದು ಪಾಠ ಮಾಡುತ್ತ, ಗೆರೆ ಇರುವ ಸಾಲುಗಳನ್ನು ಹುಡುಗರಿಗೆ ಬರೆಸುತ್ತ, ಗೂನಿನ ಮೇಲಿನ ಪದಗಳಿಗೆ ಎರಡೆರಡು ಅಡಿಗೆರೆ ಹಾಕಿಸುತ್ತ, ಅದರ ಮೇಲೆಯೇ ಪ್ರಶ್ನೆಪತ್ರಿಕೆ ತೆಗೆಯುತ್ತ ಬಂದಿದ್ದ. ವಿದ್ಯಾರ್ಥಿಗಳು ಅವನನ್ನು ಅರ್ಧಬೆಲೆ ಎಂದು ಕರೆಯುತ್ತಿದ್ದರು. ವರ್ಷದ ಮೊದಲ ತರಗತಿಯಲ್ಲಿ, ಹೊಸ ಪುಸ್ತಕ ಕೊಳ್ಳುವವನು ಅರ್ಥಶಾಸ್ತ್ರ ಓದಲು ಲಾಯಕ್ಕಲ್ಲ, ಹಳೆಯದನ್ನು ಅರ್ಧ ಬೆಲೆಗೆ ತನ್ನಿ ಎಂದು ತಪ್ಪದೆ ಹೇಳುತ್ತಿದ್ದುದರಿಂದ ಬಂದ ಬಿರುದು. ಅವನಿಗೆ ಅದು ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಒಬ್ಬಳು ವಿದ್ಯಾರ್ಥಿನಿ ಮಾತ್ರ ಒಂದು ದಿನ ಎದ್ದು ನಿಂತು, ಉಳಿತಾಯದ ಅಧ್ಯಾಯದ ಕೊನೆಯಲ್ಲಿ ‘ಮಿತವ್ಯಯದ ವಿರೋಧಾಭಾಸ’ ಅಂತ ಒಂದು ಭಾಗ ಇದೆಯಲ್ಲ ಸರ್, ಅದು ಅರ್ಥವಾಗಲಿಲ್ಲ ಎಂದಿದ್ದಳು. ಅವನು ಪುಸ್ತಕ ನೋಡಿದ. ಆ ಭಾಗದಲ್ಲಿ ಒಂದೂ ಗೆರೆ ಇರಲಿಲ್ಲ. ಅದು ಮುಖ್ಯವಲ್ಲಮ್ಮ, ಪರೀಕ್ಷೆಗೆ ಬರುವುದಿಲ್ಲ ಎಂದ. ಆಡಿದ ಮಾತು ಉಳಿಸಿಕೊಳ್ಳುವ ಮನುಷ್ಯ, ಬರಗೊಡಲೂ ಇಲ್ಲ.

ಅದೇ ಭಾಗ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮಗಳಿಗೆ ಬಂತು, ದೊಡ್ಡ ಪ್ರಶ್ನೆಯಾಗಿ. ಅರ್ಧಬೆಲೆಯ ಮಗಳು ಅನ್ನಿಸಿಕೊಳ್ಳಲಾರೆ ಎಂದು ಅವಳು ಊರಿನ ಇನ್ನೊಂದು ಕಾಲೇಜು ಸೇರಿದ್ದಳು. ಅಲ್ಲಿ ಪ್ರಶ್ನೆ ತೆಗೆಯುವವರು ಬೇರೆ. ಗೆರೆ ಇರುವುದನ್ನಷ್ಟೇ ಓದು, ನಾನಿಲ್ಲವೆ, ಎಂದು ಹೇಳಿ ಪುಸ್ತಕ ಕೊಟ್ಟವನು ಅವನೇ. ಅವಳು ಅಕ್ಷರ ಬಿಡದೆ ಹಾಗೆಯೇ ಓದಿ ಹೋಗಿ, ಮುಖ ಸಪ್ಪಗೆ ಮಾಡಿಕೊಂಡು ಬಂದು, ಅಪ್ಪ, ಗೆರೆ ಇಲ್ಲದ್ದೇ ಬಂದಿತ್ತು ಎಂದಳು. ಆಗ ಅವನು ಏನು ಮಾಡಬೇಕಿತ್ತು? ಪಾಪ ಮಗು ಎಂದು ತಲೆ ಸವರಬೇಕಿತ್ತು. ಬದಲಿಗೆ ಊಟಕ್ಕೆ ಕೂತವಳನ್ನು ಹಿಡಿದು ಬೈದ: ಗೆರೆ ಹಾಕಿದ್ದನ್ನೇ ನೆಟ್ಟಗೆ ಓದಿಲ್ಲ, ಓದಿದ್ದರೆ ಯಾವ ಪ್ರಶ್ನೆಗಾದರೂ ಬರೆಯಬಹುದಿತ್ತು, ನಾನು ಹಗಲೂ ರಾತ್ರಿ ಕೂತು ಒಂದೊಂದು ಸಾಲು ಆರಿಸಿ ಹಾಕಿದ ಗೆರೆ ಅದು. ಹೌದು, ‘ನಾನು’ ಎಂದೇ ಅಂದ. ಮಾತಿನ ಭರಾಟೆಯಲ್ಲಿ ಬಂದುಬಿಟ್ಟಿತು, ಬಂದ ಮೇಲೆ ವಾಪಸು ತೆಗೆದುಕೊಳ್ಳಲಿಲ್ಲ. ಅವಳು ತಟ್ಟೆಯಿಂದ ತಲೆಯೆತ್ತಿ ಅವನನ್ನೇ ಒಂದು ಗಳಿಗೆ ನೋಡಿ, ಮತ್ತೆ ತಲೆ ತಗ್ಗಿಸಿ ಊಟ ಮಾಡಿದ್ದಳು. ಆ ನೋಟ ನೆನಪಾದಾಗಲೆಲ್ಲ ಅವನಿಗೆ ಕಿವಿ ಬಿಸಿಯಾಗುತ್ತದೆ. ಈಗಲೂ ಆಯಿತು. ರಬ್ಬರನ್ನು ಇನ್ನಷ್ಟು ಒತ್ತಿ ಉಜ್ಜಿದ. ಪುಟ ಪರ್ರೆಂದು ಹರಿಯಿತು.

ಪಕ್ಕದ ಮೇಜಿನ ಇತಿಹಾಸದ ಮೇಡಂ ಉತ್ತರಪತ್ರಿಕೆಯಿಂದ ತಲೆಯೆತ್ತದೆಯೇ, ಏನು ಸರ್, ಹಳೇ ಪಾಪ ತೊಳೀತಾ ಇದ್ದೀರಾ ಎಂದರು. ಕೋಣೆಯ ಆ ಮೂಲೆಯಿಂದ ಯಾರೋ ನಕ್ಕರು. ಅವನೂ ನಕ್ಕ. ನಗುವುದಕ್ಕೂ ಖರ್ಚಿಲ್ಲ. ಆದರೆ ಹರಿದ ಪುಟವನ್ನು ಅಂಟಿಸಲು ಕಚೇರಿಯಿಂದ ಟೇಪು ಕೇಳಿ ತರಬೇಕು, ಅಲ್ಲಿನ ಗುಮಾಸ್ತ ಮೊನ್ನೆ ತಾನೇ ನಿಮ್ಮ ಮನೆ ಪುಸ್ತಕಕ್ಕೆಲ್ಲ ಕಾಲೇಜಿನ ಟೇಪೇ ಆಗ್ಬೇಕಾ ಎಂದು ನಾಲ್ಕು ಜನರ ಮುಂದೆ ಕೇಳಿದ್ದ. ಹೋಗಲೋ ಬೇಡವೋ ಎಂದು ಕುಳಿತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಬಂದವನು ಹಾಸಿಗೆ ಅಂಗಡಿಯ ಮಾಲೀಕ. ದೊಡ್ಡ ಬೀದಿಯ ತಿರುವಿನಲ್ಲಿ ಎರಡು ಅಂತಸ್ತು ತುಂಬ ಹಾಸಿಗೆ ಜೋಡಿಸಿಟ್ಟಿರುವ ಆ ಅಂಗಡಿಯ ಮುಂದೆ ಅವನು ದಿನಾ ಪಾಠಕ್ಕೆ ನಡೆದು ಬರುತ್ತಾನೆ, ಒಳಗೆ ಕಾಲಿಟ್ಟದ್ದಿಲ್ಲ. ಅಂಗಡಿಯವನದ್ದು ತುಂಬಿದ ಮೈ, ನಿದ್ದೆಗೆ ಕೊರತೆಯಿಲ್ಲದ ಮುಖ. ಮಗ ಇದೇ ಕಾಲೇಜಿನಲ್ಲಿ ಓದುತ್ತಿದ್ದಾನೆ, ಎರಡು ಸಲವೂ ಅರ್ಥಶಾಸ್ತ್ರದಲ್ಲಿ ಡುಮ್ಕಿ ಹೊಡೆದಿದ್ದಾನೆ, ಯಾಕೆ ಅಂತ ಕೇಳಿಕೊಂಡು ಹೋಗೋಣ ಅಂತ ಬಂದೆ ಎಂದ. ಇಂಥ ತಂದೆತಾಯಿಗೆ ಹೇಳುವ ಮಾತು ಅವನ ಬಳಿ ಸಿದ್ಧವಿತ್ತು: ಹುಡುಗನಿಗೆ ಓದಿನ ಮೇಲೆ ಗಮನ ಇಲ್ಲ. ಹೇಳಿದ. ಅಂಗಡಿಯವನು ಒಪ್ಪಲಿಲ್ಲ. ಓದ್ತಾನೆ ಸರ್, ನಾನೇ ಎದುರಿಗೆ ಕೂರಿಸಿಕೊಂಡು ಓದಿಸಿದ್ದೇನೆ, ನಾನು ಓದಿದ್ದೂ ಇದೇ ಪುಸ್ತಕ, ಯಾವುದು ಓದಬೇಕು ಯಾವುದು ಬಿಡಬೇಕು ಎಲ್ಲ ನನಗೆ ಬಾಯಿಪಾಠ, ನನಗೆ ಆಗ ಫಸ್ಟ್ ಕ್ಲಾಸು ಎಂದು ಹೇಳುತ್ತ ಹೇಳುತ್ತ ಮೇಜಿನ ಮೇಲೆ ಬಾಗಿದವನು ಅರ್ಧದಲ್ಲೇ ನಿಂತ. ದಪ್ಪ ಬೆರಳನ್ನು ಒಂದು ಗೆರೆಯ ಮೇಲಿಟ್ಟು ಮೆಲ್ಲಗೆ ಸರಿಸಿಕೊಂಡು ಹೋದ. ಬೆರಳು ಗೂನಿನ ಮೇಲೆ ಬಂದು ನಿಂತಿತು.

“ಇದು ನನ್ನ ಪುಸ್ತಕ,” ಎಂದ.

ಅವನಿಗೆ ಒಂದು ಗಳಿಗೆ ಎದ್ದು ನಿಂತು ಕೈಮುಗಿಯಬೇಕು ಅನ್ನಿಸಿತು. ಗೆರೆಯಣ್ಣ! ಕನ್ನಡಕ ಹಾಕಿದ, ಕೃಶವಾದ, ಹಣೆ ಅಗಲವಾದ ಒಬ್ಬ ಮನುಷ್ಯನನ್ನು ಇಷ್ಟು ವರ್ಷ ಕಲ್ಪಿಸಿಕೊಂಡು ಬಂದಿದ್ದರೆ, ಗೆರೆಯಣ್ಣ ಹಾಸಿಗೆ ಮಾರುತ್ತಿದ್ದಾನೆ. ಇರಲಿ, ದೊಡ್ಡವರು ಯಾವ ವೇಷದಲ್ಲಾದರೂ ಬರಬಹುದು. ಆ ಗೂನುಗಳ ಬಗ್ಗೆ ಕೇಳಬೇಕೆಂದು ಅರ್ಧ ಆಯುಷ್ಯ ಕಾದಿದ್ದವನು ಕೇಳಿಯೇಬಿಟ್ಟ.

“ಸ್ಕೇಲಿನ ಅಂಚು ಒಡೆದಿತ್ತು ಸರ್,” ಎಂದ ಅಂಗಡಿಯವನು. “ಹೊಸದು ತಗೊಳ್ಳೋಕೆ ಮನಸ್ಸಾಗಲಿಲ್ಲ.”

ಕಿಟಕಿಯಾಚೆ ಯಾರೋ ಸೈಕಲ್ಲು ನಿಲ್ಲಿಸಿದ ಸದ್ದಾಯಿತು. ತಲೆಮಾರುಗಟ್ಟಲೆ ಹುಡುಗರು ‘ಮತ್ತು’ ಎಂಬ ಪದಕ್ಕೆ ಎರಡೆರಡು ಅಡಿಗೆರೆ ಹಾಕಿದ ಸದ್ದು ಅವನ ಕಿವಿಯಲ್ಲಿ ಒಟ್ಟಿಗೇ ಕೇಳಿಸಿತು. ಹೋಗಲಿ, ಗೂನು ಹೋದರೆ ಹೋಗಲಿ, ಗೆರೆ ಇದೆಯಲ್ಲ. ಮುಖ್ಯವಾದದ್ದನ್ನೆಲ್ಲ ಎಷ್ಟು ಚೆನ್ನಾಗಿ ಆರಿಸಿದ್ದೀರಿ ಎಂದ. ಹೇಳುವಾಗಲೇ ಅದರಲ್ಲಿ ಬೇಡಿಕೊಳ್ಳುವ ದನಿ ಇದ್ದದ್ದು ಅವನಿಗೇ ತಿಳಿಯಿತು.

“ಮುಖ್ಯವಾದದ್ದಾ? ಅಲ್ಲ ಸರ್, ಬಿಡೋದಕ್ಕೆ ಹಾಕಿದ್ದು ಇದು,” ಅಂಗಡಿಯವನು ನಕ್ಕುಬಿಟ್ಟ. “ಟ್ಯೂಷನ್ ಮೇಷ್ಟ್ರು ಬೇಡದ್ದನ್ನೆಲ್ಲ ಅಡ್ಡ ಹೊಡೀರಿ ಅಂದಿದ್ರು. ಅಡ್ಡ ಹೊಡೆದ ಪುಸ್ತಕ ಆಮೇಲೆ ಯಾರು ತಗೋತಾರೆ ಹೇಳಿ? ಅದಕ್ಕೇ ಕೆಳಗೆ ಎಳೆದೆ. ಮಾರೋವಾಗ ನೋಡಿ, ಗೆರೆ ಇದೆ ಅಂತ ಅಂಗಡಿಯವನು ಜಾಸ್ತೀನೇ ಕೊಟ್ಟ. ಯಾವನೋ ಪುಣ್ಯಾತ್ಮ ಅದಕ್ಕಿಂತ ಜಾಸ್ತಿ ಕೊಟ್ಟು ತಗೊಂಡಿರ್ತಾನೆ.”

ಪುಣ್ಯಾತ್ಮ ಗೋದಾಮಿನಲ್ಲಿ ಚೀಲ ಎಣಿಸಿ ಎಣಿಸಿ ಬೆನ್ನು ಬಾಗಿ, ಮಗ ಕಾಲೇಜು ಮೇಷ್ಟ್ರಾದದ್ದನ್ನು ಕಣ್ಣುತುಂಬ ನೋಡಿ, ನೆಮ್ಮದಿಯಾಗಿ ತೀರಿಕೊಂಡಿದ್ದ. ಅಪ್ಪ ಇಲ್ಲದಿರುವುದೇ ಒಳ್ಳೆಯದಾಯಿತು ಎಂದು ಅವನಿಗೆ ಮೊದಲ ಬಾರಿಗೆ ಅನ್ನಿಸಿತು. ಎದುರಿಗೆ ಹಾಸಿಗೆಯವನು ಪುಟ ತಿರುವುತ್ತ ತನ್ನ ಹಳೆಯ ದಿನಗಳಲ್ಲಿ ಮುಳುಗಿದ್ದ. ಕಾಲೇಜಲ್ಲಿ ಕಲಿತದ್ದರಲ್ಲಿ ನೆನಪಿರೋದು ಇದೊಂದೇ ಸರ್ ಎಂದು ಉಳಿತಾಯದ ಅಧ್ಯಾಯದ ಕೊನೆ ತೆಗೆದು ತೋರಿಸಿದ. ಗೆರೆ ಇಲ್ಲದ, ಬೆಳ್ಳಗಿನ ಭಾಗ. ಎಲ್ಲರೂ ಹಾಸಿಗೆ ಇದ್ದಷ್ಟೇ ಕಾಲು ಚಾಚುತ್ತ ಕೂತರೆ ನಾನು ಹಾಸಿಗೆ ಯಾರಿಗೆ ಮಾರಲಿ, ನನ್ನ ಅಂಗಡಿ ಮುಚ್ಚಿದರೆ ಹತ್ತಿ ತುಂಬುವವನು ಏನು ತಿನ್ನಲಿ, ಕೊನೆಗೆ ಯಾರ ಹತ್ತಿರವೂ ಏನೂ ಉಳಿಯುವುದಿಲ್ಲ, ಅಷ್ಟೇ ತಾನೆ ಇದರ ಅರ್ಥ ಎಂದು ಕೇಳಿದ. ಅವನು ತಲೆಯಾಡಿಸಿದ. ಹೌದೋ ಅಲ್ಲವೋ ಅವನಿಗೆ ಹೇಗೆ ಗೊತ್ತಾಗಬೇಕು, ಅವನು ಓದಿದ್ದರೆ ತಾನೆ. ಹಾಗಾದರೆ ಇವನ ಮಗ ಓದಿದ್ದು ಸರಿಯಾದದ್ದೇ. ಓದಬೇಕಾದದ್ದನ್ನೆಲ್ಲ ಓದಿ, ಬಿಡಬೇಕಾದದ್ದನ್ನು ಬಿಟ್ಟು, ಬಿಡಬೇಕಾದದ್ದರ ಮೇಲೆಯೇ ಪ್ರಶ್ನೆ ಕೇಳುವ ಮೇಷ್ಟ್ರ ಕೈಗೆ ಸಿಕ್ಕಿ ಹಾಕಿಕೊಂಡ. ಎಂದೂ ಪರೀಕ್ಷೆಗೆ ಬರುವುದಿಲ್ಲ ಎಂದು ಯಾವನೋ ಟ್ಯೂಷನ್ ಮೇಷ್ಟ್ರು ತಳ್ಳಿ ಹಾಕಿದ್ದು, ತಾನು ಪ್ರಶ್ನೆಪತ್ರಿಕೆ ತೆಗೆಯತೊಡಗಿದ ದಿನದಿಂದ ಪ್ರತಿ ಪರೀಕ್ಷೆಗೂ ಬರುತ್ತಿದೆ. ಎಷ್ಟು ಹುಡುಗರು ಅದನ್ನೇ ಓದಿ ಪಾಸಾಗಿ, ನೌಕರಿ ಹಿಡಿದು, ಎದುರು ಸಿಕ್ಕಾಗ ನಿಮ್ಮಿಂದಲೇ ಸರ್ ಎಂದಿದ್ದಾರೆ! ನಿಮ್ಮ ಮಗ ಓದಿದ್ದೇ ಸರಿ, ತಪ್ಪು ನನ್ನದು ಎನ್ನುವ ಮಾತು ಗಂಟಲಿನ ತನಕ ಬಂತು. ಇತಿಹಾಸದ ಮೇಡಂ ಉತ್ತರಪತ್ರಿಕೆಯ ಹಾಳೆ ತಿರುವುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದರು. ಮಾತು ಬಂದ ದಾರಿಯಲ್ಲೇ ವಾಪಸು ಹೋಯಿತು.

ಹಾಸಿಗೆಯವನು ವ್ಯಾಪಾರಸ್ಥ, ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಒಂದು ಲೆಕ್ಕಾಚಾರ ಮೂಡಿತು. ಸಿಟ್ಟು ಮಾತ್ರ ಬರಲೇ ಇಲ್ಲ, ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. “ಸರ್, ಈ ಪುಸ್ತಕ ನನ್ನ ಮಗನಿಗೆ ಕೊಟ್ಟುಬಿಡಿ,” ಎಂದು ಮೆಲುದನಿಯಲ್ಲಿ ಕೇಳಿದ. “ನಿಮ್ಮ ಪೇಪರಿಗೆ ಇದೇ ತಾನೆ ಬೇಕಾಗಿರೋದು. ದಯವಿಟ್ಟು ಇನ್ನು ಅಳಿಸಬೇಡಿ.” ಆಗಲಿ, ತೆಗೆದುಕೊಂಡು ಹೋಗಿ, ನಿಮ್ಮದೇ ಪುಸ್ತಕ ಎಂದು ಹೇಳಲು ಅವನು ಬಾಯಿ ತೆರೆದ. ತೆರೆದ ಬಾಯಿಂದ ಹೊರಬಿದ್ದದ್ದು ಅರ್ಧ ಬೆಲೆ ಎಂಬ ಎರಡು ಪದ. ಹಾಸಿಗೆಯವನು ಚೌಕಾಸಿ ಕೂಡ ಮಾಡಲಿಲ್ಲ. ಇತಿಹಾಸದ ಮೇಡಂ ಎದುರಿಗೇ ನೋಟು ತೆಗೆದು ಮೇಜಿನ ಮೇಲಿಟ್ಟು, ಪುಸ್ತಕವನ್ನು ಕಂಕುಳಲ್ಲಿ ಇರಿಸಿಕೊಂಡು, ಒಂದು ದಿನ ಅಂಗಡಿ ಕಡೆ ಬನ್ನಿ ಸರ್, ನಿಮಗೆ ಒಳ್ಳೇ ನಿದ್ದೆ ಬರೋ ಹಾಗೆ ಮಾಡಿಕೊಡ್ತೀನಿ ಎಂದು ಹೇಳಿ ಹೋದ.

ಸಂಜೆ ಅವನು ಪುಸ್ತಕದ ಅಂಗಡಿಯ ಮುಂದೆ ನಿಂತಿದ್ದ. ಹೊಸ ಪುಸ್ತಕದ ಅಂಗಡಿ. ಗಾಜಿನ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ತಬ್ಬಿಬ್ಬಾದ, ಕೊನೆಗೆ ಒಳಗಿನಿಂದ ಒಬ್ಬಳು ಹುಡುಗಿ ಬಂದು ತೆರೆಯಬೇಕಾಯಿತು. ಪುಸ್ತಕದ ಹೆಸರು ಹೇಳಿದ. ಈ ಸಲದ ರಕ್ಷಾಪುಟ ಹಸಿರು. ಬೆಲೆ ನೋಡಿದಾಗ ನಾಲಿಗೆ ತಾನಾಗಿ, ಏನಾದರೂ ಬಿಟ್ಟುಕೊಡ್ತೀರಾ ಎಂದಿತು. ಇಲ್ಲ ಎಂದಳು. ಮೂಲೆ ಮಡಚಿದ ಪ್ರತಿ ಏನಾದರೂ ಇದ್ದರೆ ಎಂದಿತು. ಇಲ್ಲ ಎಂದಳು. ಹಾಸಿಗೆಯವನ ನೋಟಿಗೆ ತನ್ನದನ್ನು ಸೇರಿಸಿ ಕೊಟ್ಟು ಹೊರಗೆ ಬಂದು ಬೀದಿಯಲ್ಲಿ ನಡೆಯುತ್ತಿದ್ದಂತೆ, ಒಟ್ಟಿನಲ್ಲಿ ಹೊಸ ಪುಸ್ತಕವೂ ಅರ್ಧ ಬೆಲೆಗೇ ಬಂದಂತಾಯಿತಲ್ಲ ಎಂದು ಮನಸ್ಸು ಒಳಗೇ ಕೂಡಿ ಕಳೆದು ಹೇಳಿತು. ಥೂ ನಿನ್ನ ಎಂದು ಅವನು ಗಟ್ಟಿಯಾಗಿಯೇ ಬೈದುಕೊಂಡ. ಎದುರು ಬರುತ್ತಿದ್ದ ಹೆಂಗಸು ತನಗೇ ಅಂದನೆಂದು ತಿಳಿದು ದುರುಗುಟ್ಟಿಕೊಂಡು ಹೋದಳು. ಮಗಳು ಮುಗ್ಗರಿಸಿದರೆ ಮುಗ್ಗರಿಸಿದ್ದು ಅವಳಲ್ಲ, ತಾನು ಎಂಬುದು ಈಗ ಅವನಿಗೆ ಸ್ಪಷ್ಟವಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಇನ್ನೂ ಪೂರ್ತಿ ಕೆಟ್ಟಿಲ್ಲ, ಪರೀಕ್ಷೆ ಸೋಮವಾರ ಎಂದುಕೊಂಡು ಬೇಗಬೇಗ ಹೆಜ್ಜೆ ಹಾಕಿದ.

ಮಗಳು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕುಳಿತಿದ್ದಳು. ಅವನು ಪುಸ್ತಕವನ್ನು ಮುಂದಿಟ್ಟ. ಅವಳು ಪುಸ್ತಕ ನೋಡಿದಳು, ಅಪ್ಪನನ್ನು ನೋಡಿದಳು, ಮತ್ತೆ ಪುಸ್ತಕ ನೋಡಿದಳು. ಅಡುಗೆಮನೆಯಿಂದ ಬಂದ ಹೆಂಡತಿ ಅದನ್ನು ಎತ್ತಿ, ಬೆಲೆಯ ಚೀಟಿ ಓದಿ, ಗಂಡನ ಹಣೆ ಮುಟ್ಟಿ ನೋಡಿ ಒಳಗೆ ಹೋದಳು. ಮಗಳು ಪುಟಗಳನ್ನು ಸರ್ರನೆ ಬಿಟ್ಟು ಅದರ ವಾಸನೆ ಎಳೆದುಕೊಂಡಳು. ಅವಳ ಮುಖ ಅರಳಿದ್ದನ್ನು ಕಂಡು ಅವನಿಗೆ ಸಂತೋಷವಾಯಿತು, ಬೆನ್ನಿಗೇ ನಾಚಿಕೆಯಾಯಿತು. ಆಮೇಲೆ ಅವಳ ಮುಖ ಸಣ್ಣಗಾಯಿತು. ಇಷ್ಟು ದಪ್ಪ ಪುಸ್ತಕ, ನಡುವೆ ಉಳಿದದ್ದು ಎರಡೇ ದಿನ, ಎಲ್ಲ ಓದಿ ಮುಗಿಯುತ್ತದೆಯೆ? ತುಸು ಹೊತ್ತು ಪುಸ್ತಕದ ಬೆನ್ನು ಸವರುತ್ತಿದ್ದು, ಸೋತವಳ ಹಾಗೆ ಪೆನ್ಸಿಲನ್ನು ಅವನತ್ತ ಚಾಚಿದಳು. ಹೋಗಲಿ ಅಪ್ಪ, ನೀವೇ ಮುಖ್ಯವಾದದ್ದಕ್ಕೆ ಗೆರೆ ಹಾಕಿಕೊಡಿ ಎಂದಳು.

ಅವನು ಪೆನ್ಸಿಲು ತೆಗೆದುಕೊಂಡ. ಮೊದಲ ಅಧ್ಯಾಯ ತೆರೆದ. ಶುಭ್ರವಾದ ಪುಟದ ಮೇಲೆ ಅವನ ಕಣ್ಣಿಗೆ ಹಳೆಯ ಗೆರೆಗಳು ಇದ್ದ ಇದ್ದಲ್ಲೇ ಎದ್ದು ಕಂಡವು, ಗೂನುಗಳ ಸಮೇತ. ಕೈ ತಾನಾಗಿ ಮೊದಲ ಗೆರೆಯ ಜಾಗಕ್ಕೆ ಹೋಗಿ ನಿಂತಿತು. ಅಲ್ಲಿ ಬೇಡ ಎಂದು ಕೈಯನ್ನು ಮೇಲಿನ ಸಾಲಿಗೆ ಎತ್ತಿದ. ಅದು ಮುಖ್ಯವೆ? ಅದರ ಮೇಲಿನದು? ಒಂದೊಂದು ಸಾಲೂ ಪರಕೀಯರ ಹಾಗೆ ಅವನನ್ನು ನೋಡಿತು. ಇಷ್ಟು ವರ್ಷ ಮೇಷ್ಟ್ರಾಗಿದ್ದವನಿಗೆ ಒಂದು ಪುಟದಲ್ಲಿ ಎಲ್ಲಿ ಗೆರೆ ಎಳೆಯಬೇಕೆಂದು ತಿಳಿಯಲಿಲ್ಲ. ಪೆನ್ಸಿಲನ್ನು ಮೇಜಿನ ಮೇಲಿಟ್ಟ.

“ನಂಗೊತ್ತಿಲ್ಲ ಪುಟ್ಟಿ,” ಎಂದ. “ಆ ಗೆರೆ ನಂದಲ್ಲ.”

ಅವಳು ಅಳುತ್ತಾಳೆ, ಇಲ್ಲವೆ ಪುಸ್ತಕ ಎತ್ತಿ ಎಸೆಯುತ್ತಾಳೆ ಎಂದುಕೊಂಡ. ಅವಳು ಎರಡೂ ಮಾಡಲಿಲ್ಲ.

“ಗೊತ್ತು,” ಎಂದಳು. “ಇಡೀ ಪುಸ್ತಕಕ್ಕೆ ಒಂದು ಕೆಂಪು ಪೆನ್ಸಿಲ್ ಸವೆಸೋರಾ ನೀವು?”

ಒಳಗಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು. ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣು ಮಂಜಾಯಿತು. ಅಂದು ಊಟದ ತಟ್ಟೆಯಿಂದ ತಲೆಯೆತ್ತಿ ನೋಡಿದಾಗಲೇ ಇವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೈಸಿಕೊಂಡು, ತಲೆ ತಗ್ಗಿಸಿ ಉಂಡು ಎದ್ದು ಹೋಗಿದ್ದಳು. ಪರೀಕ್ಷೆಯಲ್ಲಿ ಹೋದ ಅಂಕಕ್ಕಿಂತ ಅದೇ ಅವನಿಗೆ ತಡೆಯಲಾರದಾಯಿತು. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತ. ಅವಳು ಪುಸ್ತಕವನ್ನು ಇಬ್ಬರ ನಡುವೆ ಸರಿಸಿ, ಉಳಿತಾಯದ ಅಧ್ಯಾಯದ ಕೊನೆಗೆ ತಿರುವಿ, ತನ್ನನ್ನು ಬೀಳಿಸಿದ ಆ ಭಾಗವನ್ನು ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದತೊಡಗಿದಳು: ಎಲ್ಲರೂ ಏಕಕಾಲಕ್ಕೆ ಉಳಿತಾಯವನ್ನು ಹೆಚ್ಚಿಸಹೊರಟರೆ ಒಟ್ಟು ಉಳಿತಾಯವು ಹೆಚ್ಚುವ ಬದಲು ಕುಗ್ಗಬಹುದು. ಓದಿ ನಿಲ್ಲಿಸಿದಳು.

“ಅರ್ಥ ಆಯ್ತಾ ಅಪ್ಪ?”

“ಇಲ್ಲ,” ಎಂದ ಅವನು. “ಇನ್ನೊಂದ್ಸಲ ಓದು.”